ಆನೆಯ ಕೊರಳಲ್ಲಿ ಉಬಿಯ ಗಾಳಿ

ಆನೆಯ ದನಿ ಮಾಡಿ ತೋರಿಸು ಎಂದು ಯಾರಾದರೂ ಕೇಳಿದರೆ ನಾನು ತುಟಿಗಳನ್ನು ಸ್ವಲ್ಪವೇ ತೆರೆದು, ಮೂಗಿನಿಂದ ‘ಟೂಂ… ಟೂಂ… ಟೂಂ…’ ಎನ್ನುತ್ತೇನೆ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಹಾಗೆ ಮಾಡಿದಾಗ ಮೊದಲ ಸಾಲಿನಲ್ಲಿದ್ದ ಆಂಟಿಯೊಬ್ಬರು, “ಇದೇನೋ ಇದು, ನಮ್ಮನೆ ಮೈಕ್ರೋವೇವ್ ಥರ ಕೂಗ್ತಿದೆ ನಿನ್ನ ಆನೆ” ಎಂದರು. ಚಪ್ಪಾಳೆ ಬೀಳಲಿಲ್ಲ. ಘೀಳಿಡಲು ನನಗೆ ಬರುವುದಿಲ್ಲವೆಂದಲ್ಲ. ಘೀಳಿಟ್ಟು, ಹಿಂದೆಯೇ ಸಂಘದ ಅಧ್ಯಕ್ಷರ ಸ್ವಾಗತ ಭಾಷಣವನ್ನೂ ಮಾಡಿ, ಯಾವುದು ಯಾರದು ಹೇಳಿ ಎಂದು ಸಭೆಗೆ ಬಿಡಬಲ್ಲೆ. ಆದರೆ ನನ್ನ ಊಟ ನಿದ್ದೆ ಕೆಡಿಸಿದ ಆನೆ ಕೂಗುತ್ತಿದ್ದುದು ಹೀಗೆಯೇ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾನಾಗ ಸಿಂಗಪುರದ ಉಬಿಯಲ್ಲಿ, ಕಾರು ರಿಪೇರಿ ಅಂಗಡಿಗಳ ಮೇಲಿನ ಮಹಡಿಯ ಸಣ್ಣ ವರ್ಕ್‌ಶಾಪಿನಲ್ಲಿ ಎಂಜಿನಿಯರ್. ಎಂಜಿನಿಯರ್ ಎನ್ನುವುದು ವರ್ಕ್ ಪಾಸ್‌ನಲ್ಲಿದ್ದ ಮಾತು. ಮಾಡುತ್ತಿದ್ದುದು ಟ್ಯಾಕ್ಸಿಗಳ ವೈರ್‌ಲೆಸ್ ಸೆಟ್ಟುಗಳನ್ನು ಬಿಚ್ಚಿ, ಬೆಸುಗೆ ಹಾಕಿ, ಮುಚ್ಚುವ ಕೆಲಸ. ನನ್ನ ಮೇಲೊಬ್ಬರು ಸೀನಿಯರ್, ಮೈಸೂರಿನವರು, ಐವತ್ತು ದಾಟಿದವರು. ಅವರನ್ನು ಅಂಕಲ್ ಎನ್ನುತ್ತಿದ್ದೆ. ಅವರ ಮೇಲೆ ಯಜಮಾನ, ಅಲ್ಲಿನವರ ಬಾಯಲ್ಲಿ ಟೌಕೇ. ನಾವು ಮೂವರಲ್ಲಿ ಇಬ್ಬರ ನಕಲು ಮಾಡುತ್ತ ಮೂರನೆಯವನು ಹೊಟ್ಟೆ ಹೊರೆಯುತ್ತಿದ್ದ.

ಅಂಕಲ್‌ರ ನಕಲು ಸುಲಭ. ಅವರಿಗೆ ಚಳಿ. ಸಮಭಾಜಕದ ಪಕ್ಕದಲ್ಲಿ, ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಬಸ್‌ಸ್ಟಾಪ್ ತಲುಪುವುದರೊಳಗೆ ಹಿಂಡಿದ ಬಟ್ಟೆಯಾಗುವ ಊರಿನಲ್ಲಿ, ಈ ಮನುಷ್ಯ ಕಂದು ಬಣ್ಣದ ಕೈ ಹೆಣಿಗೆಯ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ ಬೆಂಚಿನ ಮುಂದೆ ಕೂರುತ್ತಿದ್ದರು. ಕಾರಣ ಏರ್‌ಕಂಡೀಷನರ್. “ಈ ಎಸಿ ನನ್ನ ಮೂಳೇಗೇ ನುಗ್ಗತ್ತೆ ಕಣಯ್ಯ” ಎನ್ನುವರು. ನಾಜೂಕಿನ ಕೆಲಸ ಬಂದಾಗಲಂತೂ ಬೆರಳು ಮರಗಟ್ಟುತ್ತದೆಂದು ಎದ್ದು ಹೋಗಿ ಎಸಿ ಆರಿಸಿಯೇ ಕೈ ಹಾಕುವುದು. ಅವರು ಎಸಿ ಆರಿಸಿದ ಕೂಡಲೇ ಕಿಟಕಿ ತೆರೆಯುವುದು ನನ್ನ ಡ್ಯೂಟಿ. ಇಲ್ಲದಿದ್ದರೆ ಸ್ವೆಟರ್ ಇಲ್ಲದ ನಾನು ಬೆಂದು ಹೋಗುತ್ತಿದ್ದೆ. ಹೊರಗಿನ ಮಳೆಗಾಳಿ, ಕೆಳಗಿನ ಅಂಗಡಿಗಳ ಪೇಂಟ್ ವಾಸನೆ ಎಲ್ಲ ಒಳಗೆ ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಟೌಕೇ ಎಲ್ಲಿಂದಲೋ ಹೊಸ ಕೆಲಸ ಹಿಡಿದು ತಂದರು. ಆಫ್ರಿಕಾದ ನಮೀಬಿಯಾದಲ್ಲಿ, ಮರುಭೂಮಿಯಲ್ಲಿ ಓಡಾಡುವ ಆನೆಗಳಿಗೆ ಕಾಲರ್ ಬೇಕಂತೆ. ಅಂಗಿಯ ಕಾಲರ್ ಅಲ್ಲ. ದಪ್ಪ ಬೆಲ್ಟಿನ ಪಟ್ಟಿ, ಅದಕ್ಕೊಂದು ಗಟ್ಟಿ ಡಬ್ಬಿ, ಡಬ್ಬಿಯೊಳಗೆ ಸದಾ ‘ಟೂಂ ಟೂಂ’ ಎನ್ನುವ ಪುಟ್ಟ ರೇಡಿಯೋ. ಜೀಪಿನ ಮೇಲೆ ಏರಿಯಲ್ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹುಡುಕುವವರಿಗೆ ಆ ದನಿ ಕೇಳಿದರೆ ಆನೆ ಯಾವ ದಿಕ್ಕಿನಲ್ಲಿದೆ ಎಂದು ತಿಳಿಯುತ್ತದೆ.

ಟೌಕೇ ನಮ್ಮಿಬ್ಬರ ಹೆಗಲ ಮೇಲೆ ಕೈ ಹಾಕಿ, “ಯೂ ಮೈಸೋರ್ ಪೀಪಲ್, ಎಲಿಫೆಂಟ್ ಎವ್ರಿಡೇ ಸೀ ವನ್, ರೈಟ್? ಈಝೀ ಲಾ!” ಎಂದರು.

ನಾನು ಬೆಂಗಳೂರಿನವನು. ನನಗೂ ಆನೆಗೂ ಇದ್ದ ಪರಿಚಯವೆಂದರೆ ಒಮ್ಮೆ ದೇವಸ್ಥಾನದ ಆನೆ ಸೊಂಡಿಲಿನಿಂದ ಆಶೀರ್ವಾದ ಮಾಡಿ, ಹೊಸ ಅಂಗಿಯ ಮೇಲೆ ಸಿಂಬಳ ಸುರಿಸಿ ಹೋದದ್ದು. ಅಂಕಲ್ ಮಾತ್ರ ಎದೆ ಉಬ್ಬಿಸಿದರು. “ದಸರಾ ಆನೆ ನಮ್ಮನೆ ಮುಂದೇನೇ ಕಣಯ್ಯ ಹೋಗ್ತಿದ್ದಿದ್ದು.”

“ಸಿಟಿ ಬಸ್ಸೂ ಹೋಗ್ತಿತ್ತಲ್ವಾ ಅಂಕಲ್? ಅದರ ಗೇರ್‌ಬಾಕ್ಸ್ ಬಗ್ಗೆ ಹೇಳಿ ನೋಡೋಣ.”

“ಅಧಿಕಪ್ರಸಂಗಿ” ಎಂದು ಮಫ್ಲರ್ ಬಿಗಿ ಮಾಡಿಕೊಂಡರು.

ಕೆಲಸ ಶುರುವಾಗುವ ಮೊದಲೇ ನಮಗೆ ಒಂದು ಪದದ ಕಷ್ಟ ಬಂತು. ಇವನ್ನು ಏನೆನ್ನುವುದು? ಕಾಡಾನೆ ಎನ್ನೋಣವೆಂದರೆ ಅಲ್ಲಿ ಕಾಡೇ ಇಲ್ಲ. ಮರಳು, ಕಲ್ಲುಬೆಟ್ಟ, ವರ್ಷದ ಬಹುಪಾಲು ಒಣಗಿ ಬಿದ್ದಿರುವ ನದಿಯ ಪಾತ್ರ, ಅಲ್ಲಲ್ಲಿ ಜಾಲಿಯಂಥ ಮರ. ಆ ಪಾತ್ರದಲ್ಲಿ ಆನೆಗಳು ಕಾಲಿನಿಂದ ಮರಳು ಕೆದರಿ, ಸೊಂಡಿಲಿನಿಂದ ಗುಂಡಿ ತೋಡಿ, ತಳದಲ್ಲಿ ಜಿನುಗುವ ನೀರನ್ನು ಕುಡಿದು, ಮುಂದಿನ ಗುಂಡಿಗೆ ನಡೆಯುತ್ತವಂತೆ. ಅಂಕಲ್ ಬಹಳ ಯೋಚಿಸಿ “ಮರಳಾನೆ” ಎಂದು ನಾಮಕರಣ ಮಾಡಿದರು. ಕಾಡಾನೆಯ ಬಗ್ಗೆ ನಮಗೆ ಅಷ್ಟಿಷ್ಟಾದರೂ ತಿಳಿದಿತ್ತು, ಮರಳಾನೆಯ ಬಗ್ಗೆ ಏನೇನೂ ತಿಳಿದಿರಲಿಲ್ಲ. ಮರುಭೂಮಿ ಎಂದರೆ ಬಿಸಿ, ಅಷ್ಟೇ. ಆದ್ದರಿಂದ ಪ್ರತಿ ಡಬ್ಬಿಯನ್ನೂ ಓವನ್ನಿನಲ್ಲಿಟ್ಟು ಕಾಯಿಸಿ ನೋಡಿದೆವು. ಎಲ್ಲವೂ ಪಾಸಾದವು. ಅಂಕಲ್ ಒಂದೊಂದಕ್ಕೂ ತಾವೇ ಮುಚ್ಚಳ ಹಾಕಿ, ಅಂಚಿಗೆ ಅಂಟು ಸುರಿದು, ಗಾಳಿ ಆಡದಂತೆ ಭದ್ರ ಮಾಡಿದರು.

ನಮೀಬಿಯಾದಿಂದ ನಮಗೆ ಫೋನ್ ಮಾಡುತ್ತಿದ್ದವರು ಒಬ್ಬರು ಮೇಡಂ. ಆನೆಗಳ ಹಿಂದೆ ವರ್ಷಗಟ್ಟಲೆ ತಿರುಗಿದವರು, ಜರ್ಮನ್ ಮಾತಾಡುವ ಮನೆಯಲ್ಲಿ ಬೆಳೆದವರು. ಗಂಟಲಲ್ಲಿ ಮರಳು ಸಿಕ್ಕಿಕೊಂಡಂಥ ದನಿ, ಉರುಳುವ ‘ರ’. ಅವರ ನಕಲನ್ನು ನಾನು ಮೊದಲ ಕಾಲ್‌ನಲ್ಲೇ ಕಲಿತೆ. ಇಂಗ್ಲಿಷಿನ ಎರಡು ‘ವ’ಗಳಲ್ಲಿ, ವಿ ಮತ್ತು ಡಬ್ಲ್ಯುಗಳಲ್ಲಿ, ಅವರಿಗೆ ಬರುತ್ತಿದ್ದುದು ಒಂದೇ, ನಮಗೂ ಹಾಗೆಯೇ, ಹಾಗಾಗಿ ಅರ್ಧ ಕೆಲಸ ಮೊದಲೇ ಮುಗಿದಿತ್ತು. ಅವರ ಬಿಡಾರದಲ್ಲಿ ಫೋನ್ ಇರಲಿಲ್ಲ. ಜೀಪಿನಲ್ಲಿ ದೂರದ ಪೆಟ್ರೋಲ್ ಬಂಕಿನ ಅಂಗಡಿಗೆ ಬಂದು ಮಾತಾಡಬೇಕು. ಅವರ ಬೆಳಿಗ್ಗೆ ನಮಗೆ ಮಧ್ಯಾಹ್ನ.

ಕಾಲರ್ ಏಕೆ ಬೇಕೆಂದು ಹೇಳಿದವರೂ ಅವರೇ. ಆ ಸೀಮೆಯಲ್ಲಿ ದನಗಾಹಿಗಳ ಹಟ್ಟಿಗಳಿವೆ. ಬೋರ್‌ವೆಲ್, ಪಂಪು, ಸಿಮೆಂಟಿನ ತೊಟ್ಟಿ, ಅಷ್ಟೇ ಅವರ ಬದುಕು. ಆನೆಗೆ ನೀರಿನ ವಾಸನೆ ಮೈಲಿಗಟ್ಟಲೆ ದೂರದಿಂದ ಸಿಗುತ್ತದೆ. ಬಂದು ಪೈಪ್ ಕಿತ್ತು ಕುಡಿದು ಹೋಯಿತೆಂದರೆ ಮಕ್ಕಳಿಗೆ, ಮೇಕೆಗಳಿಗೆ ಗುಟುಕು ನೀರಿಲ್ಲ. ಹಟ್ಟಿಯ ಹಿರಿಯರು ಕೆಟ್ಟವರಲ್ಲ. ಅವರು ಮೇಡಂಗೆ ಹೇಳಿದ್ದು ಒಂದೇ ಮಾತು: ಆನೆ ಬರುತ್ತಿದೆ ಎಂದು ಹಿಂದಿನ ದಿನ ತಿಳಿಸಿದರೆ ಪಂಪಿನ ಸುತ್ತ ಬೆಂಕಿ ಹಾಕಿ ಕಾಯುತ್ತೇವೆ, ದೂರದ ಹೊಂಡಕ್ಕೆ ಅದಕ್ಕೂ ನೀರು ಬಿಡುತ್ತೇವೆ. ತಿಳಿಸಲಾಗದಿದ್ದರೆ ಪರವಾನಗಿ ಇರುವ ಬೇಟೆಗಾರನನ್ನು ಕರೆಸುತ್ತೇವೆ. ಹಾಗಾಗಿ ಹಿಂಡಿನ ಹಿರಿಯ ಹೆಣ್ಣಾನೆಗೆ, ಉಳಿದವು ಯಾರ ಹಿಂದೆ ನಡೆಯುತ್ತವೋ ಅವಳಿಗೆ, ನಮ್ಮ ಮೊದಲ ಕಾಲರ್ ಬಿತ್ತು. ನಾನು ಅವಳನ್ನು ದೊಡ್ಡಮ್ಮ ಎಂದೆ. ಪಕ್ಕದ ಹಿಂಡಿನ ಕಿರಿಯವಳಿಗೆ ಎರಡನೆಯ ಕಾಲರ್, ಅವಳು ಚಿಕ್ಕಮ್ಮ. ಟೌಕೇಗೂ ಅದೇ ಅಭ್ಯಾಸವಾಗಿ, ದೊಡ್ಡಮ್ಮ ಎನ್ನಲು ಬಾರದೆ “ತೋತಮ್ಮ ಹೌ?” ಎಂದು ದಿನವೂ ವಿಚಾರಿಸುವರು.

ಕೆಲವು ತಿಂಗಳು ತೋತಮ್ಮ ಚೆನ್ನಾಗಿಯೇ ಇದ್ದಳು. ಆಮೇಲೆ, ಅಲ್ಲಿ ಚಳಿಗಾಲ ಶುರುವಾದ ಮೇಲೆ, ಒಂದು ಸೋಮವಾರ ಮೇಡಂ ಫೋನ್ ಮಾಡಿದರು. ಸ್ಪೀಕರ್ ಹಾಕಿದೆವು. ದೊಡ್ಡಮ್ಮನ ದನಿ ನಿಂತಿದೆ ಎಂದರು. ಆನೆಗಳು ಗುಂಡಿಗಳ ಬಳಿ ಇರುವ ಹೊತ್ತೆಂದು ಬೆಳಗಿನ ಜಾವ, ಸಂಜೆ, ಎರಡೂ ವೇಳೆ ನದಿಯ ಪಾತ್ರವನ್ನೆಲ್ಲ ಜಾಲಾಡಿದ್ದಾರೆ. ಏನೂ ಇಲ್ಲ. ಅಷ್ಟರಲ್ಲಿ ಒಂದು ಹಟ್ಟಿಯ ಪಂಪನ್ನು ಯಾವುದೋ ಆನೆ ಕಿತ್ತೆಸೆದಿದೆ. ಎಲ್ಲರ ಬಾಯಲ್ಲೂ ದೊಡ್ಡಮ್ಮನ ಹೆಸರು. ಅವಳಲ್ಲ ಎಂದು ಹೇಳಲು, ಅವಳು ಎಲ್ಲಿದ್ದಳೆಂದು ತೋರಿಸಬೇಕಲ್ಲ? ಬೇಟೆಗಾರನಿಗೆ ಹೇಳಿ ಕಳಿಸಿದ್ದಾರೆ. ಶನಿವಾರ ಬರುತ್ತಾನೆ.

“ಅವಳ ಜೊತೆ ಹಾಲು ಕುಡಿಯುವ ಮರಿ ಇದೆ” ಎಂದು ಮೇಡಂ ಕೊನೆಗೆ ಸೇರಿಸಿದರು. ಅವಳು ಬಿದ್ದರೆ ಮರಿಯೂ ಉಳಿಯುವುದಿಲ್ಲ. ಗುಂಡಿ ಎಲ್ಲೆಲ್ಲಿ ತೋಡಬೇಕೆಂದು ಗೊತ್ತಿರುವವಳು ಅವಳೊಬ್ಬಳೇ, ಹಿಂಡೂ ಚೆದುರುತ್ತದೆ.

ಫೋನ್ ಇಟ್ಟೆವು. ಕೆಳಗೆ ಯಾರೋ ಕಾರಿನ ಡೋರ್ ಸುತ್ತಿಗೆಯಿಂದ ಬಡಿಯುತ್ತಿದ್ದರು. ಟೌಕೇ ಮೆಲ್ಲಗೆ, “ಅವರ್ ಬಾಕ್ಸ್, ಈಸ್ ಇಟ್?” ಎಂದರು. ನಮ್ಮ ಡಬ್ಬಿಯದೇ ತಪ್ಪೇ? ಅಂಕಲ್ ಅದೇ ಬ್ಯಾಚಿನಲ್ಲಿ ಉಳಿದಿದ್ದ ಸ್ಪೇರ್ ಕಾಲರ್ ತೆಗೆದು ಬೆಂಚಿನ ಮೇಲಿಟ್ಟರು. ‘ಟೂಂ ಟೂಂ’ ಎಂದು ಗಡಿಯಾರದಂತೆ ನುಡಿಯಿತು. ಓವನ್ನಿಗಿಟ್ಟರು. ಅಲ್ಲೂ ನುಡಿಯಿತು. ಮರುದಿನವೂ ಅದೇ, ಬುಧವಾರವೂ ಅದೇ. ಡಬ್ಬಿ ಸರಿ ಇದೆಯೆಂದರೆ ದೊಡ್ಡಮ್ಮನಿಗೆ ಏನೋ ಆಗಿದೆ. ದೊಡ್ಡಮ್ಮ ಸರಿ ಇದ್ದಾಳೆಂದರೆ ಡಬ್ಬಿಗೆ ಏನೋ ಆಗಿದೆ. ನಾನು ಆ ವಾರ ಯಾರ ನಕಲನ್ನೂ ಮಾಡಲಿಲ್ಲ. ಕೆಳಗಿನ ಡ್ರಿಂಕ್ಸ್ ಸ್ಟಾಲಿನ ಮುದುಕಿ ಕಾಫಿ ಕೊಡುವಾಗ ನನಗೆ ಜ್ವರವಿದೆಯೇ ಎಂದು ಸನ್ನೆಯಲ್ಲಿ ಕೇಳಿದಳು.

ಗುರುವಾರ ಅಂಕಲ್ ಊರಿನ ಇನ್ನೊಂದು ತುದಿಯ ಟುವಾಸ್‌ನ ಒಂದು ಫ್ಯಾಕ್ಟರಿಗೆ ಹೋಗಿದ್ದರು, ಟೌಕೇ ಊಟಕ್ಕೆ. ನಾನೊಬ್ಬನೇ ಇದ್ದಾಗ ಫೋನ್ ಬಂತು. ಮೇಡಂ. ದೊಡ್ಡಮ್ಮನ ಸುಳಿವಿಲ್ಲ, ಆದರೆ ಒಂದು ವಿಚಿತ್ರ ಎಂದರು. ಚಿಕ್ಕಮ್ಮನ ಕಾಲರ್ ಮಾತಾಡುತ್ತಿದೆ, ದನಿ ಮಾತ್ರ ಬೇರೆಯಾಗಿದೆ. ಬೆಳಗಿನ ಜಾವ ಒಂದು ಥರ, ಮಧ್ಯಾಹ್ನ ಒಂದು ಥರ. ಕ್ಯಾಸೆಟ್‌ನಲ್ಲಿ ಹಿಡಿದಿದ್ದೇನೆ, ಕೇಳಿಸುತ್ತೇನೆ ಎಂದು ಟೇಪ್‌ರೆಕಾರ್ಡರನ್ನು ಫೋನಿಗೆ ಹಿಡಿದರು. ಒಂದಷ್ಟು ಕೇಳಿತು. ಗಾಳಿಯ ಸದ್ದು, ನಡುವೆ ಆ ದನಿ. “ರಾತ್ರಿ ಎಷ್ಟು ಚಳಿ ಎಂದರೆ ನನ್ನ ಲೋಟದ ನೀರು ಅಂಚಿನಲ್ಲಿ ಗಟ್ಟಿಯಾಗಿತ್ತು” ಎನ್ನುತ್ತಿದ್ದರು, ಲೈನ್ ಕಟ್ಟಾಯಿತು. ಮತ್ತೆ ಬರಲಿಲ್ಲ.

ಅಂಕಲ್‌ಗೆ ಪೇಜರ್ ಮಾಡಿದೆ. ಅವರು ಟ್ಯಾಕ್ಸಿ ಹಿಡಿದು ಬಂದರು, ಬಸ್ಸಿಗೆ ಕಾಯದ ಅವರನ್ನು ನಾನು ಮೊದಲ ಸಲ ನೋಡಿದ್ದು.

“ಲೋಟದ ನೀರು ಗಟ್ಟಿಯಾಯ್ತಾ? ಮರುಭೂಮೀಲಾ?”

“ಹಾಗಂದ್ರು ಅಂಕಲ್.”

“ಅಲ್ಲಿ ಚಳೀನೂ ಆಗತ್ತೇನೋ!” ಇಡೀ ಸಿಂಗಪುರದಲ್ಲಿ ಚಳಿಯ ಬಗ್ಗೆ ಅವರಷ್ಟು ಮಾತಾಡಿದವರಿಲ್ಲ. ಆದರೂ ಡಬ್ಬಿಗಳಿಗೆ ಚಳಿಯಾದೀತೆಂದು ಅವರಿಗೆ ಹೊಳೆದಿರಲಿಲ್ಲ. “ಸರಿ, ಆ ದನಿ ಮಾಡಿ ತೋರಿಸು.”

ನಾನು ಬಾಯಿ ತೆರೆದೆ, ಮುಚ್ಚಿದೆ. ನನ್ನ ಕಸುಬಿನ ಗುಟ್ಟೊಂದಿದೆ. ಯಾವ ನಕಲಿನವನೂ ಇದ್ದದ್ದನ್ನು ಇದ್ದಂತೆ ಮಾಡುವುದಿಲ್ಲ. ಅಂಕಲ್ ಒಮ್ಮೆ ಕೆಮ್ಮಿದರೆ ನಾನು ಮೂರು ಸಲ ಕೆಮ್ಮುತ್ತೇನೆ. ಟೌಕೇ ಮಾತಿನ ಕೊನೆಗೆ ಒಂದು ‘ಲಾ’ ಹಾಕಿದರೆ ನಾನು ಅರ್ಧ ಡಜನ್. ಜನ ನಗುವುದು ಆ ಮಸಾಲೆಗೆ. ಈಗ ಅಭ್ಯಾಸಬಲದಿಂದ ಚಿಟಿಕೆ ಮಸಾಲೆ ಬಿದ್ದರೂ ಲೆಕ್ಕ ತಪ್ಪುತ್ತದೆ, ಅಲ್ಲೊಂದು ಆನೆಗೆ ಗುಂಡು ಬೀಳುತ್ತದೆ.

“ಟೂಂ… ಟೂಂ…” ಎಂದೆ. “ಇದು ಮಧ್ಯಾಹ್ನದ್ದು.”

“ಬೆಳಗಿನ ಜಾವದ್ದು?”

“ಟೋಂ… ಟೋಂ… ಟೊಂವ್…”

“ತಮಾಷೆ ಬೇಡ ಕಣೋ.”

“ತಮಾಷೆ ಅಲ್ಲ ಅಂಕಲ್, ಇಷ್ಟೇ ಕೆಳಗಿತ್ತು. ಕೊನೇಲಿ ಜಾರ್ತಿತ್ತು.”

ಅಂಕಲ್ ಕಣ್ಣು ಮುಚ್ಚಿದರು. ಅವರು ವಾರಕ್ಕೊಮ್ಮೆ ಭಜನೆಯಲ್ಲಿ ಎಲ್ಲರಿಗಿಂತ ಮುಂದೆ ಕೂತು ಎಲ್ಲರಿಗಿಂತ ಹಿಂದೆ ಹಾಡುವವರು, ಆದರೆ ಸ್ವರ ಹಿಡಿಯುವ ಕಿವಿ ಚುರುಕು. “ಮಧ್ಯಾಹ್ನದ್ದನ್ನ ಷಡ್ಜ ಇಟ್ಕೋ. ಬೆಳಗಿಂದು ಎಲ್ಲಿಗೆ ಇಳೀತು? ನಿಷಾದಕ್ಕಾ? ಧೈವತಕ್ಕಾ?”

“ಅದಕ್ಕೂ ಕೆಳಗೆ.”

“ಮಂದ್ರ ಪಂಚಮ?”

“ಅಲ್ಲಿಗೇ. ಆಮೇಲೆ ಇನ್ನೂ ಒಂಚೂರು ಜಾರಿ.”

“ಇನ್ನೊಂದ್ಸಲ ಮಾಡು. ನನ್ ಮುಖ ನೋಡ್ಬೇಡ, ಗೋಡೆ ನೋಡ್ಕೊಂಡ್ ಮಾಡು. ನನ್ನ ನೋಡಿದ್ರೆ ಬೇಕಂತ ಜಾಸ್ತಿ ಮಾಡ್ತೀಯ.”

ಗೋಡೆ ನೋಡಿಕೊಂಡು ಮಾಡಿದೆ. ಅವರು ಬೆಂಚಿನ ಮೇಲಿದ್ದ, ಬೇಕಾದ ಸ್ವರ ಹೊರಡಿಸುವ ಯಂತ್ರದ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ, “ಇದಾ? ಇದಾ?” ಎಂದು ಕೇಳುತ್ತ ಹೋದರು. ಊಟ ಮುಗಿಸಿ ಬಂದ ಟೌಕೇ, ಗೋಡೆಗೆ ಮುಖ ಮಾಡಿ ಮೊರೆಯುತ್ತಿದ್ದ ನನ್ನನ್ನೂ ಸ್ವರ ಹಿಡಿಯುತ್ತಿದ್ದ ಅಂಕಲ್‌ರನ್ನೂ ಕಂಡು, ಪೂಜೆ ಎಂದುಕೊಂಡು ಬಾಗಿಲಲ್ಲೇ ಕೈ ಕಟ್ಟಿ ನಿಂತರು.

“ಸ್ಟೇಷನ್ ಜಾರ್ತಿದೆ” ಎಂದರು ಅಂಕಲ್. ರೇಡಿಯೋ ತನ್ನ ಜಾಗ ಬಿಟ್ಟು ಕೆಳಗೆ ಸರಿಯುತ್ತಿದೆ. ಚಿಕ್ಕಮ್ಮನದು ಸ್ವಲ್ಪ ಸರಿದಿದೆ, ದನಿ ಇಳಿದು ಕೇಳುತ್ತದೆ. ದೊಡ್ಡಮ್ಮನದು ಇನ್ನೂ ಸರಿದಿದ್ದರೆ, ಮೇಡಂ ತಮ್ಮ ರಿಸೀವರಿನ ಮುಳ್ಳು ಇಟ್ಟುಕೊಂಡಿರುವ ಜಾಗದಲ್ಲಿ ಏನೂ ಕೇಳಿಸುವುದಿಲ್ಲ. ಹಾಗಾದರೆ ಅವಳು ಕೂಗುತ್ತಲೇ ಇದ್ದಾಳೆ. ಇವರು ಬೇರೆ ಕಡೆ ಕಿವಿ ಇಟ್ಟಿದ್ದಾರೆ.

ನಂಬಲು ಆಸೆಯಾಯಿತು, ಆ ಆಸೆಯೇ ಭಯ ಹುಟ್ಟಿಸಿತು. ಇಷ್ಟೂ ನಿಂತಿರುವುದು ನನ್ನ ಮೂಗಿನ ಮೇಲೆ. ನಾನು ಕೆಳಗೆ ಓಡಿ ಡ್ರಿಂಕ್ಸ್ ಸ್ಟಾಲಿನ ಮುದುಕಿಯಿಂದ ಒಂದು ಬಕೆಟ್ ಐಸ್ ತಂದೆ. ಸ್ಪೇರ್ ಕಾಲರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರೊಳಗೆ ಹುಗಿದೆವು. ಮೂವರೂ ಬಕೆಟ್ ಸುತ್ತ ಕುಕ್ಕರುಗಾಲಿನಲ್ಲಿ ಕೂತೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಟೂಂ ಟೋಂ ಆಯಿತು. ಟೋಂ ಟೊಂವ್ ಆಯಿತು. ಆಮೇಲೆ ರಿಸೀವರಿನಲ್ಲಿ ಬರೀ ಸೊರಸೊರ. ಅಂಕಲ್ ಮುಳ್ಳನ್ನು ಕೂದಲೆಳೆಯಷ್ಟು ಕೆಳಗೆ ತಿರುಗಿಸಿದರು. ಅಲ್ಲಿತ್ತು, ಪಾಪ, ಸಣ್ಣ ದನಿಯಲ್ಲಿ ನುಡಿಯುತ್ತಲೇ ಇತ್ತು.

ಡಬ್ಬಿಯನ್ನು ಗರಗಸದಿಂದ ಕೊಯ್ದು ತೆರೆದೆವು. ಮುಚ್ಚಳದ ಒಳಮೈಯಲ್ಲಿ ನೀರಿನ ಸಣ್ಣ ಹನಿಗಳು, ತಣ್ಣೀರಿನ ಮಿಳ್ಳೆಯ ಮೈ ಬೆವತ ಹಾಗೆ. ರೇಡಿಯೋವನ್ನು ಅದರ ಜಾಗದಲ್ಲಿ ಹಿಡಿದಿಡುವ ಪುಟ್ಟ ಕ್ರಿಸ್ಟಲ್‌ನ ಸುತ್ತಲೂ ತೇವ.

“ಅಂಟು ಸರಿಯಾಗೇ ಇದೆ. ಇಷ್ಟು ಭದ್ರವಾದ ಡಬ್ಬಿ ಒಳಕ್ಕೆ ನೀರು ಹೇಗೆ ಹೋಯ್ತೋ?” ಎಂದು ಕೇಳಿದರು ಅಂಕಲ್. ಅವರ ಕಣ್ಣು ಎಸಿಯ ಸ್ವಿಚ್ಚಿಗೆ ಹೋಯಿತು, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ನನಗೆ. ನೀರು ಆಮೇಲೆ ಹೋದದ್ದಲ್ಲ. ಮುಚ್ಚುವಾಗಲೇ ಒಳಗಿತ್ತು. ಮುಚ್ಚಳ ಹಾಕುವ ಹೊತ್ತಿಗೆ ಚಳಿಯೆಂದು ಅಂಕಲ್ ಎಸಿ ಆರಿಸಿದ್ದರು, ಸೆಕೆಯೆಂದು ನಾನು ಕಿಟಕಿ ತೆರೆದಿದ್ದೆ. ಉಬಿಯ ಮಳೆಗಾಲದ ಹಸಿಗಾಳಿಯನ್ನು ಒಂದೊಂದು ಡಬ್ಬಿಯಲ್ಲೂ ತುಂಬಿ, ಸೋರದಂತೆ ಅಂಟು ಹಾಕಿ, ಮರುಭೂಮಿಗೆ ಕಳಿಸಿದ್ದೆವು. ಅಲ್ಲಿನ ಚಳಿಗೆ ಅದು ಒಳಗೇ ಇಬ್ಬನಿಯಾಗುತ್ತಿತ್ತು. ಬಿಸಿಲೇರಿದರೆ ಮತ್ತೆ ಆವಿ.

“ಮಳೇನ ಪಾರ್ಸಲ್ ಮಾಡಿದೀವಿ ಕಣಯ್ಯ” ಎಂದರು ಅಂಕಲ್. ಟೌಕೇ ಬೈಯಲಿಲ್ಲ. “ಕಾಲ್ ಹರ್ ಲಾ, ಕಾಲ್ ಹರ್!” ಎಂದು ಫೋನನ್ನೇ ನನ್ನ ಕೈಗೆ ತುರುಕಿದರು.

ಯಾರಿಗೆ ಮಾಡುವುದು? ಮೇಡಂ ಬಿಡಾರಕ್ಕೆ ಮರಳಿರುತ್ತಾರೆ. ಪೆಟ್ರೋಲ್ ಬಂಕಿನ ಅಂಗಡಿಗೆ ಮಾಡಿದೆ. ಎತ್ತಿದ ಹೆಂಗಸಿಗೆ ನನ್ನ ಬೆಂಗಳೂರು ಇಂಗ್ಲಿಷ್ ಒಂದು ಅಕ್ಷರವೂ ಹತ್ತಲಿಲ್ಲ. ಟಯರ್ ಬೇಕೇ ಎಂದು ಕೇಳಿದಳು. ಎರಡನೆಯ ಸಲ ಫೋನ್ ಇಟ್ಟೇಬಿಟ್ಟಳು. ಮೂರನೆಯ ಸಲ ನಾನು ಗಂಟಲಿಗೆ ಮರಳು ತುಂಬಿಕೊಂಡು, ‘ರ’ ಉರುಳಿಸಿ, ಮೇಡಂರ ದನಿಯಲ್ಲೇ ಮಾತಾಡಿದೆ. ತಕ್ಷಣ ಅರ್ಥವಾಯಿತು. ಮೇಡಂಗೆ ಮೇಡಂ ಏಕೆ ಸುದ್ದಿ ಕಳಿಸುತ್ತಿದ್ದಾರೆಂದು ಅವಳು ಕೇಳಲಿಲ್ಲ. ಬೆಳಿಗ್ಗೆ ಸಂಜೆ ಬೇಡ, ನಡು ಮಧ್ಯಾಹ್ನ ಬಿಸಿಲು ಕಾದಾಗ ಕೇಳಿ, ಮುಳ್ಳನ್ನು ಕೆಳಗಿಳಿಸುತ್ತ ಹೋಗಿ, ಇಷ್ಟರವರೆಗೆ. ಅಂಕಲ್ ಪಕ್ಕದಲ್ಲಿ ನಿಂತು ಬೆರಳಿನಲ್ಲಿ ಅಂಕಿ ತೋರಿಸುತ್ತಿದ್ದರು. ಹೆಂಗಸು ತಿರುಗಿ ಹೇಳಿದಳು, ಸರಿಯಾಗಿತ್ತು. ನಾಳೆ ಆ ಕಡೆ ಹೋಗುವ ಲಾರಿಯವನ ಕೈಲಿ ಹೇಳಿ ಕಳಿಸುತ್ತೇನೆ ಎಂದಳು. ನಾಳೆ ಶುಕ್ರವಾರ. ಅದರ ಮರುದಿನ ಬೇಟೆಗಾರ.

ಆ ಭಾನುವಾರ ಅಂಕಲ್ ನನ್ನನ್ನು ಬೂನ್ ಲೇಯ ತಮ್ಮ ಫ್ಲಾಟಿಗೆ ಊಟಕ್ಕೆ ಕರೆದರು. ಒಬ್ಬರೇ ಯೋಚಿಸುವುದು ಸಾಕಾಗಿತ್ತೆಂದು ಕಾಣುತ್ತದೆ. ಅವರ ಹೆಂಡತಿ, ನನಗೆ ಆಂಟಿ, ಬಿಸಿಬೇಳೆಬಾತ್ ಬಡಿಸಿದರು. ಇಬ್ಬರೂ ತಟ್ಟೆಯಲ್ಲಿ ಗೀಚುತ್ತ ಕೂತೆವು.

“ಯಾಕ್ರೀ, ಉಪ್ಪು ಜಾಸ್ತಿ ಆಯ್ತಾ?”

“ಇಲ್ಲ ಕಣೇ. ದೊಡ್ಡಮ್ಮಂದೇ ಯೋಚ್ನೆ” ಎಂದರು ಅಂಕಲ್, ಎಲ್ಲೋ ನೋಡುತ್ತ.

ಆಂಟಿಯ ಕೈಯಲ್ಲಿದ್ದ ಸೌಟು ನಿಂತಿತು. “ಯಾರು, ಒಂಟಿಕೊಪ್ಪಲ್ ದೊಡ್ಡಮ್ಮನಾ? ನಂಗೆ ಯಾರೂ ಹೇಳ್ಲೇ ಇಲ್ಲ! ಏನಾಯ್ತು?”

“ಗುಂಡು ಹೊಡೆದ್ರೋ ಏನೋ ಆಂಟಿ” ಎಂದುಬಿಟ್ಟೆ ನಾನು, ಯೋಚಿಸದೆ.

ಆಂಟಿ ಕುರ್ಚಿ ಹಿಡಿದುಕೊಂಡರು. ಆಮೇಲೆ ಎಲ್ಲ ಬಿಡಿಸಿ ಹೇಳಿ, ನೀರು ಕುಡಿಸಿ, ಒಂಟಿಕೊಪ್ಪಲಿಗೆ ಫೋನ್ ಹಚ್ಚಿ ದೊಡ್ಡಮ್ಮ ಸಂಡಿಗೆ ಒಣಗಿಸುತ್ತಿದ್ದಾರೆಂದು ಖಾತ್ರಿ ಮಾಡಿಕೊಳ್ಳಬೇಕಾಯಿತು. ಆಂಟಿ ನನ್ನನ್ನು ಬೈದು ಮುಗಿಸಿ, “ಆ ಮರಿ ಎಷ್ಟು ದೊಡ್ಡದೋ?” ಎಂದು ಕೇಳಿದರು.

ಸೋಮವಾರ ಮಧ್ಯಾಹ್ನ ಫೋನ್ ಬಂದಾಗ ಯಾರು ಎತ್ತುವುದೆಂದು ಮೂವರೂ ಹಿಂದೆ ಮುಂದೆ ನೋಡಿದೆವು. ಕೊನೆಗೆ ನಾನೇ ಎತ್ತಿದೆ. ಮೇಡಂ. ಶನಿವಾರ ನಡು ಮಧ್ಯಾಹ್ನ, ಬೇಟೆಗಾರನ ಗಾಡಿ ಹಟ್ಟಿಯ ನೆರಳಿನಲ್ಲಿ ನಿಂತಿದ್ದಾಗಲೇ, ಮುಳ್ಳು ಇಳಿಸುತ್ತ ಇಳಿಸುತ್ತ ಅವಳು ಸಿಕ್ಕಿದಳಂತೆ. ಬಹಳ ಕ್ಷೀಣವಾಗಿ. ಮೇಡಂ ಹಟ್ಟಿಯ ಇಬ್ಬರು ಹಿರಿಯರನ್ನು ಜೀಪಿನಲ್ಲಿ ಕೂರಿಸಿಕೊಂಡು ದನಿಯ ಬೆನ್ನು ಹತ್ತಿದರು. ನದಿಯ ದೂರದ ಒಂದು ಕವಲಿನಲ್ಲಿ ದೊಡ್ಡಮ್ಮ ಗುಂಡಿ ತೋಡುತ್ತಿದ್ದಳು. ಮರಿ ಅವಳ ಕಾಲ ಸಂದಿನಲ್ಲಿತ್ತು. ಸುತ್ತಲಿನ ಲದ್ದಿ ಹಳತಾಗಿ ಒಣಗಿತ್ತು, ಗುಂಡಿಗಳೂ ಒಂದೆರಡಲ್ಲ. ಹಿರಿಯರು ಇಳಿದು ಎಲ್ಲವನ್ನೂ ಸುತ್ತಿ ನೋಡಿ, ಈಕೆ ಇಲ್ಲಿ ಬಹಳ ದಿನದಿಂದ ಇದ್ದಾಳೆ, ಪಂಪು ಕಿತ್ತವಳು ಇವಳಲ್ಲ ಎಂದರಂತೆ. ಆಮೇಲೆ ಹಟ್ಟಿಯ ಹೆಜ್ಜೆಗುರುತು ಅಳೆದಾಗ ಅದು ಒಂಟಿ ಗಂಡಾನೆಯದೆಂದು ತಿಳಿಯಿತು. ಬೇಟೆಗಾರ ಟೀ ಕುಡಿದು ವಾಪಸಾದ.

ಟೌಕೇ ಮೇಜು ಗುದ್ದಿದರು. ಅಂಕಲ್ ಕೂತಲ್ಲೇ ಕೂತರು. “ಆ ಡಬ್ಬಿ ಎಷ್ಟು ದಿನ ನುಡಿಯತ್ತೆ ಕೇಳು” ಎಂದರು. ಕೇಳುವ ಅಗತ್ಯವಿರಲಿಲ್ಲ, ಅದು ನಮಗೇ ಗೊತ್ತಿರಬೇಕಿತ್ತು. ತೇವ ಕ್ರಿಸ್ಟಲ್ಲನ್ನು ತಿನ್ನುತ್ತ ಹೋಗುತ್ತದೆ, ಒಂದು ದಿನ ಪೂರ್ತಿ ನಿಲ್ಲುತ್ತದೆ. ಅಷ್ಟರೊಳಗೆ ಹೊಸ ಕಾಲರ್ ಹೋಗಬೇಕು. ಹೊಸ ಕಾಲರ್ ಹಾಕಬೇಕೆಂದರೆ ಅವಳಿಗೆ ಮತ್ತೆ ಮದ್ದಿನ ಸೂಜಿ ಹೊಡೆದು ಬೀಳಿಸಬೇಕು. ಆನೆ ಎದೆಯ ಮೇಲೆ ಮಗುಚಿ ಬಿದ್ದರೆ ತನ್ನ ಭಾರಕ್ಕೆ ತಾನೇ ಉಸಿರುಗಟ್ಟುತ್ತದಂತೆ. ಮೊದಲ ಸಲ ಸರಿಯಾಗಿ ಬಿದ್ದಳೆಂದು ಎರಡನೆಯ ಸಲವೂ ಬೀಳುತ್ತಾಳೆಂಬ ಭರವಸೆ ಯಾರೂ ಕೊಡಲಾರರು.

ಹೊಸ ಡಬ್ಬಿಗಳನ್ನು ಮುಚ್ಚಿದ ದಿನ ಎಸಿ ಅದರ ಕೊನೆಯ ಗುರುತಿನವರೆಗೆ ಓಡಿತು. ಕಿಟಕಿಗಳಿಗೆ ಟೇಪ್ ಅಂಟಿಸಿದೆವು. ಒಳಗೆ ತೇವ ಹೀರುವ ಹರಳಿನ ಪೊಟ್ಟಣ ಇಟ್ಟು, ಐಸಿನಲ್ಲಿ ಹುಗಿದು, ಓವನ್ನಿನಲ್ಲಿ ಬೇಯಿಸಿ, ಮತ್ತೆ ಐಸಿನಲ್ಲಿ ಹುಗಿದು ಕೇಳಿದೆವು. ಅಂಕಲ್ ಎರಡು ಸ್ವೆಟರ್ ಹಾಕಿದ್ದರು. ಬೆರಳು ನಡುಗಿ ಅಂಟು ಕೆಡದಂತೆ ಅವರ ಮಣಿಕಟ್ಟನ್ನು ನಾನು ಹಿಡಿದುಕೊಂಡಿದ್ದೆ. “ನಾಳೆ ಇದನ್ನೂ ಮಾಡಿ ತೋರಿಸ್ತೀಯ ಸಂಘದಲ್ಲಿ” ಎಂದರು. “ನಿಮ್ಮ ನಡುಕ ಒಂದು ಮಾಡಿದ್ರೆ ನಾನು ನಾಲ್ಕು ಮಾಡ್ತೀನಿ ಅಂಕಲ್” ಎಂದೆ. ನಗಲಿಲ್ಲ, ಆದರೆ ಮೂಗಿನಿಂದ ಉಸಿರು ಬಿಟ್ಟರು.

ಸೂಜಿ ಹೊಡೆಯುವ ದಿನ ಮೇಡಂ ನಡುವೆ ಫೋನ್ ಮಾಡುವಂತಿರಲಿಲ್ಲ. ಎಲ್ಲ ಮುಗಿದ ಮೇಲೆ ಬಂಕಿಗೆ ಬರಬೇಕು. ಆ ಮಧ್ಯಾಹ್ನ ಫೋನ್ ಬರಲಿಲ್ಲ, ಮರುದಿನವೂ ಬರಲಿಲ್ಲ. ಟೌಕೇ ಲೈನ್ ಸರಿ ಇದೆಯೇ ಎಂದು ನೋಡಲು ತಾವೇ ಕೆಳಗೆ ಹೋಗಿ ಪಬ್ಲಿಕ್ ಫೋನಿನಿಂದ ನಮಗೇ ಫೋನ್ ಮಾಡಿದರು. ಅಂಕಲ್ ಎತ್ತಿ, ಅವರ ದನಿ ಕೇಳಿ, ಇದು ನನ್ನ ಕುಚೇಷ್ಟೆಯೆಂದು ಗದರಿದರು. ನಾನು ಎದುರಿಗೇ ಕೂತಿದ್ದೆ.

ಅದರ ಮರುದಿನ ಬಂತು. ಜೀಪಿನ ಟಯರ್ ಒಡೆದಿತ್ತಂತೆ, ಅದಕ್ಕೆ ತಡ. ನಾನು ಕೇಳಿಸಿಕೊಂಡು ಫೋನ್ ಇಟ್ಟೆ.

“ಏನಂತೆ?”

“ಎದ್ದಳಂತೆ.”

“ಹಾಗಂದ್ರೆ? ಸ್ವಲ್ಪ ಬಿಡಿಸಿ ಹೇಳೋ.”

“ಪಕ್ಕಕ್ಕೆ ಬಿದ್ದಳು, ಎದೆ ಮೇಲೆ ಬೀಳ್ಲಿಲ್ಲ. ಹೊಸ ಕಾಲರ್ ಹಾಕಿದ್ರು. ಎಚ್ಚರದ ಮದ್ದು ಕೊಟ್ರು. ಎದ್ದಳು, ನಿಂತಳು, ಮರಿ ಹತ್ರ ಹೋದಳು. ಬೆಳಗಿನ ಜಾವವೂ ಷಡ್ಜದಲ್ಲೇ ಇದಾಳಂತೆ.”

ಅಂಕಲ್ ಮಫ್ಲರಿನ ತುದಿಯಿಂದ ಕನ್ನಡಕ ಒರೆಸಿಕೊಂಡರು, ಬಹಳ ಹೊತ್ತು. ಟೌಕೇಗೆ ಇಂಗ್ಲಿಷಿನಲ್ಲಿ ಹೇಳಿದೆ. “ತೋತಮ್ಮ ಗುಡ್! ವೆರಿ ಗುಡ್!” ಎಂದರು. ಆಮೇಲೆ, “ಸೋ, ಫಿನಿಶ್?”

ಮುಗಿದಿರಲಿಲ್ಲ. ಮೇಡಂ ಹೇಳಿದ್ದು ಇನ್ನೂ ಒಂದಿತ್ತು. ಹಟ್ಟಿಯ ಹಿರಿಯರು ತಾವಾಗಿಯೇ ಬಂದು, ಆ ಒಂಟಿ ಗಂಡಾನೆಗೂ ಒಂದು ಪಟ್ಟಿ ಹಾಕಿ ಎಂದು ಕೇಳಿದ್ದಾರೆ. ಅವನು ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲ. ರಿಪೇರಿಯಾದ ಪಂಪು ಮತ್ತೆ ನೀರು ಕೊಡುತ್ತಿದೆ, ಅದರ ವಾಸನೆ ಗಾಳಿಯಲ್ಲಿದೆ, ಬೇಟೆಗಾರ ಹೋಗಿರುವುದು ಬರೀ ಮನೆಗೆ, ಕರೆದರೆ ಮತ್ತೆ ಬರುತ್ತಾನೆ.

ಅಂಕಲ್ ಕನ್ನಡಕ ಹಾಕಿಕೊಂಡು, ಬೆಲ್ಟಿನ ಸುರುಳಿಯನ್ನು ಬೆಂಚಿನ ಮೇಲೆ ಉರುಳಿಸಿದರು. “ಗಂಡಾನೆ ಕೊರಳು ಎಷ್ಟು ದಪ್ಪ ಇರತ್ತೋ?”

“ದಸರಾದಲ್ಲಿ ನೋಡಿಲ್ವಾ ಅಂಕಲ್?”

“ಸುಮ್ನಿರೋ. ಎಸಿ ಹಾಕು ಮೊದ್ಲು.”